ಗಂಟೆಯ ಕೆಲಸಕ್ಕೆ ದಿನವಿಡೀ ಏಕೆ?

ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ 2020ರ ಜುಲೈ 30ರಂದು ಕೊರೆಯಲು ಶುರು ಮಾಡಿದ ‘ಊರ್ಜಾ’ ಎಂಬ ಸುರಂಗ ಯಂತ್ರ ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂದದ್ದು 2021ರ ಸೆಪ್ಟೆಂಬರ್ 22ರಂದು. ನಡುವಿನ ದೂರ ಸುಮಾರು 850 ಮೀಟರ್. ನಡೆದು ಹೋದರೆ ಹತ್ತು ನಿಮಿಷದ ದಾರಿ, ಯಂತ್ರಕ್ಕೆ ಹಿಡಿದದ್ದು ಹತ್ತಿರ ಹತ್ತಿರ ಹದಿನಾಲ್ಕು ತಿಂಗಳು. ಸರಾಸರಿ ಲೆಕ್ಕ ಹಾಕಿದರೆ ದಿನಕ್ಕೆ ಎರಡು ಮೀಟರ್. ಕೋವಿಡ್‌ನ ಎರಡನೇ ಅಲೆ ನಡುವೆ ಬಂದು ಹೋಯಿತು ಎಂದು ಒಂದಷ್ಟು ರಿಯಾಯಿತಿ ಕೊಟ್ಟರೂ ಲೆಕ್ಕ ವಿಚಿತ್ರವಾಗಿಯೇ ಕಾಣುತ್ತದೆ. ಏಕೆಂದರೆ ಇಂಥ ಯಂತ್ರ ಹದವಾದ ನೆಲದಲ್ಲಿ ನಿಮಿಷಕ್ಕೆ 30 ಮಿಲಿಮೀಟರ್ ಸಲೀಸಾಗಿ ಮುಂದೆ ಹೋಗುತ್ತದೆ. ಅಂದರೆ ಗಂಟೆಗೆ 1.8 ಮೀಟರ್.

ಹಾಗಾದರೆ ಉಳಿದ ಇಪ್ಪತ್ತಮೂರು ಗಂಟೆ ಎಲ್ಲಿ ಹೋಯಿತು?

ಒಂದು ಪಾಲು ಕಾಂಕ್ರೀಟ್ ಸೆಗ್ಮೆಂಟ್‌ಗಳನ್ನು ಜೋಡಿಸಿ ರಿಂಗ್ ಕಟ್ಟುವುದಕ್ಕೆ. ಇನ್ನೊಂದು ಪಾಲು ಕೊರೆದ ಮಣ್ಣು-ಕಲ್ಲು ಹೊರಗೆ ಸಾಗಿಸುವುದಕ್ಕೆ, ಪೈಪು, ಕೇಬಲ್, ಹಳಿ ಮುಂದುವರಿಸುವುದಕ್ಕೆ. ಇದು ಎಲ್ಲ ಸುರಂಗದಲ್ಲೂ ಇರುವ ಖರ್ಚು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಗಳೂರಿನಂಥ ನೆಲದಲ್ಲಿ ದೊಡ್ಡ ತುತ್ತು ನುಂಗುವುದು ಬೇರೆಯೇ: ಸವೆದ, ಮುರಿದ, ತಿರುಗದೆ ನಿಂತ ಕಟರ್‌ಗಳನ್ನು ಬದಲಾಯಿಸಲು ಯಂತ್ರ ನಿಲ್ಲಿಸುವುದು. ಆ ನಿಲುಗಡೆ ಹತ್ತಿರ ಬರುತ್ತಿದೆ ಎಂಬ ಸುದ್ದಿ ಎಲ್ಲಕ್ಕಿಂತ ಮೊದಲು ಆಪರೇಟರ್‌ನ ಪರದೆಯ ಮೇಲಿನ ಒಂದು ಗೆರೆಯಲ್ಲಿ ಕಾಣಿಸುತ್ತದೆ. ಅದು ಟಾರ್ಕ್‌ನ, ಅಂದರೆ ತಿರುಗಿಸುವ ಬಲದ, ಗೆರೆ. ಆ ಗೆರೆ ನಡುಗದಂತೆ, ನೆಗೆಯದಂತೆ ನೋಡಿಕೊಂಡವನೇ ಸುರಂಗ ಬೇಗ ಮುಗಿಸುತ್ತಾನೆ. ಗಂಟೆಯಲ್ಲಿ ಗೆದ್ದವನು ತಿಂಗಳಲ್ಲಿ ಸೋತ ಉದಾಹರಣೆ ಈ ಕಸುಬಿನಲ್ಲಿ ಬೇಕಾದಷ್ಟಿವೆ.

ಯಂತ್ರದ ಮುಖದಲ್ಲಿ ಸುರಂಗದಷ್ಟೇ ಅಗಲದ ಉಕ್ಕಿನ ತಟ್ಟೆ ಇರುತ್ತದೆ, ಅದೇ ಕಟರ್‌ಹೆಡ್. ಮೆಟ್ರೊ ಸುರಂಗಕ್ಕಾದರೆ ಅದರ ವ್ಯಾಸ ಸುಮಾರು 6.6 ಮೀಟರ್. ಕಲ್ಲು ಒಡೆಯಲು ಅದರ ಮೈತುಂಬ ಉಕ್ಕಿನ ಡಿಸ್ಕ್‌ಗಳು, ಮೇಲೆ ಹೇಳಿದ ಕಟರ್‌ಗಳೆಂದರೆ ಇವೇ. ಈ ಡಿಸ್ಕ್‌ಗಳು ಕಲ್ಲನ್ನು ಕೆರೆಯುವುದಿಲ್ಲ, ಅದರ ಮೇಲೆ ಉರುಳುತ್ತವೆ. ಹಿಂದಿನಿಂದ ಹೈಡ್ರಾಲಿಕ್ ಜಾಕ್‌ಗಳು, ಕಟ್ಟಿ ಮುಗಿಸಿದ ರಿಂಗ್‌ಗೆ ಕಾಲು ಕೊಟ್ಟು, ಇಡೀ ಯಂತ್ರವನ್ನು ಮುಂದಕ್ಕೆ ಒತ್ತುತ್ತವೆ. 17 ಅಂಗುಲದ ಒಂದು ಡಿಸ್ಕ್ ಸುಮಾರು 25 ಟನ್ ಒತ್ತಡ ತಾಳುತ್ತದೆ. ಆ ಒತ್ತಡದಲ್ಲಿ ಅದು ಉರುಳಿದ ದಾರಿಯುದ್ದಕ್ಕೂ ಕಲ್ಲು ನುಗ್ಗಾಗಿ, ಪಕ್ಕದ ಡಿಸ್ಕ್‌ನ ದಾರಿಯವರೆಗೂ ಬಿರುಕು ಹರಿದು, ನಡುವಿನ ಕಲ್ಲು ಚಕ್ಕೆ ಚಕ್ಕೆಯಾಗಿ ಎದ್ದು ಬೀಳುತ್ತದೆ. ಕಲ್ಲಿಗೆ ಉರುಳುವ ಡಿಸ್ಕ್ ಒಂದೇ ಸಾಕು ಎಂಬುದು ಗೊತ್ತಾದ ಬಗೆಯೂ ಸ್ವಾರಸ್ಯದ್ದು. ಅಮೆರಿಕದ ಎಂಜಿನಿಯರ್ ಜೇಮ್ಸ್ ರಾಬಿನ್ಸ್ 1956ರಲ್ಲಿ ಟೊರಾಂಟೊದ ಹಂಬರ್ ನದಿಯ ಒಳಚರಂಡಿ ಸುರಂಗದಲ್ಲಿ, ಪದೇ ಪದೇ ಮುರಿಯುತ್ತಿದ್ದ ಚೂಪು ಪಿಕ್‌ಗಳನ್ನೆಲ್ಲ ಕಿತ್ತುಹಾಕಿ ಬರೀ ಡಿಸ್ಕ್ ಉಳಿಸಿಕೊಂಡು ನೋಡಿದರು. ಯಂತ್ರ ಸರಾಗವಾಗಿ ಕೊರೆಯಿತು. ಇವತ್ತಿಗೂ ಗಟ್ಟಿ ಕಲ್ಲಿಗೆ ಅದೇ ವಿದ್ಯೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಟಾರ್ಕ್ ಎಂದರೆ ಆಪರೇಟರ್ ಒಂದು ಗುಂಡಿ ತಿರುಗಿಸಿ ಯಂತ್ರಕ್ಕೆ ಕೊಡುವ ಬಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಒಲೆಯ ಮೇಲೆ ರಾಗಿ ಹಿಟ್ಟು ತೊಳಸಿದವರಿಗೆ ನಿಜಸ್ಥಿತಿ ಗೊತ್ತು. ಕೋಲನ್ನು ಎಷ್ಟು ಬೇಗ ತಿರುಗಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ರಟ್ಟೆಗೆ ಎಷ್ಟು ಭಾರ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ಪಾತ್ರೆಯೊಳಗಿನ ಹಿಟ್ಟು. ಗಟ್ಟಿಯಾದಷ್ಟೂ ಭಾರ, ಗಂಟು ಸಿಕ್ಕಿದಾಗ ಜಗ್ಗು, ಒಂದು ಸೌಟು ಬಿಸಿನೀರು ಬಿಟ್ಟರೆ ಹಗುರ. ಸುರಂಗದಲ್ಲೂ ಅಷ್ಟೇ. ಆಪರೇಟರ್ ನಿಗದಿ ಮಾಡುವುದು ಎರಡನ್ನು: ಕಟರ್‌ಹೆಡ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಜಾಕ್‌ಗಳು ಎಷ್ಟು ಒತ್ತಬೇಕು. ಟಾರ್ಕ್ ಎಂಬುದು ಅದಕ್ಕೆ ನೆಲ ಕೊಡುವ ಉತ್ತರ.

ಆ ಉತ್ತರದ ಗಾತ್ರ ಎಷ್ಟೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಗಟ್ಟಿ ಕಲ್ಲಿನಲ್ಲಿ ಡಿಸ್ಕನ್ನು ಉರುಳಿಸಲು ಅದರ ಮೇಲಿನ ಒತ್ತಡದ ಹತ್ತನೇ ಒಂದರಷ್ಟು ಎಳೆತ ಬೇಕಾಗುತ್ತದೆ. ಅಂದರೆ 25 ಟನ್ ಒತ್ತಿದರೆ ಎರಡೂವರೆ ಟನ್ ಎಳೆತ. ಕಟರ್‌ಹೆಡ್‌ನಲ್ಲಿ 40 ಡಿಸ್ಕ್‌ಗಳಿವೆ, ನಡುವಿನಿಂದ ಅವು ಸರಾಸರಿ 1.9 ಮೀಟರ್ ದೂರದಲ್ಲಿವೆ ಎಂದುಕೊಂಡರೆ ಒಟ್ಟು ಟಾರ್ಕ್ ಸುಮಾರು 1,900 ಕಿಲೋನ್ಯೂಟನ್ ಮೀಟರ್. ನಿಮಿಷಕ್ಕೆ ಮೂರು ಸುತ್ತಿನಂತೆ ಇದನ್ನು ತಿರುಗಿಸಲು 600 ಕಿಲೋವಾಟ್, ಅಂದರೆ 800 ಅಶ್ವಶಕ್ತಿ ಬೇಕು. ಒಂದೊಂದು ಸುತ್ತಿಗೆ ಡಿಸ್ಕ್‌ಗಳು 10 ಮಿಲಿಮೀಟರ್ ಒಳಗಿಳಿದರೆ, ಮೂರು ಸುತ್ತಿಗೆ 30 ಮಿಲಿಮೀಟರ್. ಮೇಲೆ ಹೇಳಿದ ‘ನಿಮಿಷಕ್ಕೆ 30’ ಹುಟ್ಟುವುದು ಹೀಗೆ.

ಈಗ ಬೆಂಗಳೂರಿನ ನೆಲಕ್ಕೆ ಬರೋಣ. ಲಾಲ್‌ಬಾಗ್‌ನ ಬಂಡೆ ಹತ್ತಿದವರು ನಿಂತದ್ದು ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್ ಶಿಲೆಯ ಮೇಲೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿ ಫಲಕವನ್ನೂ ಹಾಕಿದ್ದಾರೆ. ಅಲ್ಲಿ ಬಯಲಿಗೆ ಬಂದು ಬಿಸಿಲು ಕಾಯುವ ಅದೇ ಕಲ್ಲು ಊರಿನ ಬೇರೆ ಕಡೆ ಹತ್ತಿಪ್ಪತ್ತು ಮೀಟರ್ ಕೆಳಗೆ ಮಲಗಿದೆ. ನಡುವೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದಕ್ಕೆ ಕ್ರಮವಿಲ್ಲ. ಕಲ್ಲು ಕೋಟ್ಯಂತರ ವರ್ಷ ಕೊಳೆತು ಮೇಲ್ಭಾಗ ಕೆಂಪು ಮಣ್ಣಾಗಿದೆ, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಅರೆಗಲ್ಲು, ಆ ಅರೆಗಲ್ಲಿನ ನಡುವೆ ಕೊಳೆಯದೆ ಉಳಿದ ಗುಂಡುಗಲ್ಲುಗಳು. ಕೆಲವು ಗುಂಡುಗಲ್ಲು ಕಾರಿನಷ್ಟು ದೊಡ್ಡವು. ಸುರಂಗದ ಎಂಜಿನಿಯರ್‌ಗಳು ಹಿಮಾಲಯದ ನೆಲಕ್ಕೆ ಹೆದರುವುದು ಎಲ್ಲರಿಗೂ ಗೊತ್ತು. ಬೆಂಗಳೂರಿಗೂ ಅವರು ಅಷ್ಟೇ ಮರ್ಯಾದೆ ಕೊಡುತ್ತಾರೆ.

ಪೂರ್ತಿ ಕಲ್ಲಾದರೆ ಕಷ್ಟವಿಲ್ಲ, ನಿಧಾನವಾದರೂ ಟಾರ್ಕ್ ಒಂದೇ ಸಮ ಇರುತ್ತದೆ. ಪೂರ್ತಿ ಮಣ್ಣಾದರೂ ಕಷ್ಟವಿಲ್ಲ. ಕಾಟ ಕೊಡುವುದು ಎರಡೂ ಒಟ್ಟಿಗೆ ಬಂದ ಮುಖ, ಕೆಳಗರ್ಧ ಕಲ್ಲು, ಮೇಲರ್ಧ ಮಣ್ಣು.

ಅಂಚಿನಲ್ಲಿರುವ ಒಂದೇ ಒಂದು ಡಿಸ್ಕನ್ನು ಹಿಂಬಾಲಿಸಿ ನೋಡಿದರೆ ಕಷ್ಟ ಏನೆಂದು ತಿಳಿಯುತ್ತದೆ. ಕಟರ್‌ಹೆಡ್ ನಿಮಿಷಕ್ಕೆ ಮೂರು ಸುತ್ತು ತಿರುಗುವಾಗ ಅಂಚಿನ ಡಿಸ್ಕ್ ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗದಲ್ಲಿ ಸಾಗುತ್ತಿರುತ್ತದೆ. ಮೇಲಿನ ಮಣ್ಣಿನಲ್ಲಿ ಅದಕ್ಕೆ ಹಿಡಿತವೇ ಸಿಗದು. ಬೇರಿಂಗ್ ತಿರುಗಲು ಬೇಕಾದಷ್ಟು ಘರ್ಷಣೆ ಮಣ್ಣು ಕೊಡದಿದ್ದಾಗ ಡಿಸ್ಕ್ ಉರುಳುವುದನ್ನು ಬಿಟ್ಟು ಜಾರುತ್ತದೆ. ಜಾರುತ್ತಲೇ ಕೆಳಗೆ ಬಂದು ಕಲ್ಲಿನ ಅಂಚಿಗೆ ಡಿಕ್ಕಿ ಹೊಡೆಯುತ್ತದೆ. ಗಂಟೆಗೆ 180 ಸಲ. ಉಕ್ಕಿನ ಅಂಚು ಚಕ್ಕೆ ಎದ್ದರೆ ಅದೃಷ್ಟ, ಇಲ್ಲದಿದ್ದರೆ ಬೇರಿಂಗ್‌ನ ಸೀಲ್ ಒಡೆದು ಒಳಗೆ ಮರಳು ಸೇರಿ ಡಿಸ್ಕ್ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡ ಡಿಸ್ಕನ್ನು ಕಲ್ಲಿನ ಮೇಲೆ ಎಳೆದಾಡಿದರೆ ಒಂದು ಮಗ್ಗುಲು ಸವೆದು ಚಪ್ಪಟೆಯಾಗುತ್ತದೆ. ಒಮ್ಮೆ ಚಪ್ಪಟೆಯಾದದ್ದು ಮತ್ತೆ ಉರುಳುವುದಿಲ್ಲ. ಅದು ಒಡೆಯಬೇಕಾಗಿದ್ದ ಕಲ್ಲು ಹಾಗೇ ದಿಣ್ಣೆಯಾಗಿ ಉಳಿದು ಪಕ್ಕದ ಡಿಸ್ಕ್‌ನ ತಲೆಗೆ ಬೀಳುತ್ತದೆ. ನಾಲ್ಕಾರು ಗಂಟೆಯಲ್ಲಿ ಅದೂ ಹೋಯಿತು, ಅದರ ಪಕ್ಕದ್ದೂ ಹೋಯಿತು. ಸಾಲಿಗೆ ಸಾಲೇ ಹೋದ ಮೇಲೆ ಕಲ್ಲು ನೇರವಾಗಿ ಕಟರ್‌ಹೆಡ್‌ನ ಉಕ್ಕನ್ನೇ ತಿನ್ನಲು ಶುರು ಮಾಡುತ್ತದೆ. ನಮ್ಮ ಮೆಟ್ರೊದ ಮೊದಲ ಹಂತದಲ್ಲಿ ‘ಗೋದಾವರಿ’ ಯಂತ್ರ ಕಟರ್‌ಹೆಡ್ ಹಾಳಾಗಿ ತಿಂಗಳುಗಟ್ಟಲೆ ನೆಲದಡಿ ನಿಂತದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು.

ಡಿಸ್ಕ್ ಬದಲಾಯಿಸುವುದೇನು ಮಹಾ ಎನ್ನುವ ಹಾಗಿಲ್ಲ. ಒಂದೊಂದರ ತೂಕ ಒಂದೂವರೆ ಕ್ವಿಂಟಲ್‌ಗೂ ಹೆಚ್ಚು. ಕಟರ್‌ಹೆಡ್‌ನ ಹಿಂದಿನ ಇಕ್ಕಟ್ಟಿನ ಕೋಣೆಗೆ ಆಳುಗಳು ಇಳಿಯಬೇಕು. ಮುಂದಿನ ಮಣ್ಣು ಕುಸಿಯದಂತೆ ಆ ಕೋಣೆಯಲ್ಲಿ ಗಾಳಿಯ ಒತ್ತಡ ಏರಿಸಿರುತ್ತಾರೆ. ಏರ್‌ಲಾಕ್ ಮೂಲಕ ಒಳಗೆ ಹೋಗಿ, ಕೆಲಸ ಮುಗಿಸಿ, ಹೊರಬರುವಾಗ ಮುಳುಗುಗಾರರಂತೆ ಒತ್ತಡ ನಿಧಾನವಾಗಿ ಇಳಿಯುವವರೆಗೆ ಕಾದು ಕೂರಬೇಕು. ಹತ್ತು ಡಿಸ್ಕ್ ಬದಲಾಯಿಸುವಷ್ಟರಲ್ಲಿ ದಿನಗಳೇ ಉರುಳುತ್ತವೆ. ಊರ್ಜಾದಂಥ ಯಂತ್ರಗಳ ಸರಾಸರಿ ದಿನಕ್ಕೆ ಎರಡೋ ಮೂರೋ ಮೀಟರ್‌ಗೆ ಇಳಿಯುವುದರ ಗುಟ್ಟು ಬಹುಪಾಲು ಇಲ್ಲಿದೆ.

ಕುಶಲ ಆಪರೇಟರ್ ಇದನ್ನೆಲ್ಲ ಹೇಗೆ ತಡೆಯುತ್ತಾನೆ? ಅವನು ಟಾರ್ಕನ್ನು ಒಂಟಿಯಾಗಿ ಓದುವುದಿಲ್ಲ. ಒತ್ತಡ, ಟಾರ್ಕ್, ಒಂದು ಸುತ್ತಿಗೆ ಒಳಗಿಳಿದ ಮಿಲಿಮೀಟರ್, ಈ ಮೂರನ್ನೂ ಒಟ್ಟಿಗೆ ಓದುತ್ತಾನೆ. ಒತ್ತಡ ಏರಿಸುತ್ತಿದ್ದರೂ ಯಂತ್ರ ಮುಂದೆ ಹೋಗುತ್ತಿಲ್ಲ, ಟಾರ್ಕೂ ಇಳಿಯುತ್ತಿದೆ ಎಂದರೆ ಡಿಸ್ಕ್‌ಗಳು ಮೊಂಡಾಗಿವೆ ಅಥವಾ ಕಲ್ಲು ಇನ್ನಷ್ಟು ಗಟ್ಟಿಯಾಗಿದೆ. ಒತ್ತಡ ಅಷ್ಟೇ ಇದ್ದು ಟಾರ್ಕ್ ಏರುತ್ತಾ ಹೋದರೆ ಮುಂದೆ ಮೆತ್ತಗಿನ ನೆಲ ಬಂದು ಡಿಸ್ಕ್‌ಗಳು ಆಳಕ್ಕೆ ಇಳಿಯುತ್ತಿವೆ, ಇಲ್ಲವೇ ಜಿಗುಟು ಮಣ್ಣು ಮೆತ್ತಿಕೊಂಡಿದೆ. ಗೆರೆ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಚಿಮ್ಮುತ್ತಿದ್ದರೆ ಮುಖದ ಒಂದು ಭಾಗದಲ್ಲಿ ಮಾತ್ರ ಕಲ್ಲಿದೆ. ಲಯವೇ ಇಲ್ಲದೆ ಚಿಮ್ಮಿದರೆ ಗುಂಡುಗಲ್ಲು ಸಡಿಲಾಗಿ ಮುಂದೆ ಉರುಳಾಡುತ್ತಿರಬಹುದು. ಯಂತ್ರದ ಮುಂದೆ ಕಣ್ಣಿಟ್ಟು ನೋಡಲು ಕಿಟಕಿಯಿಲ್ಲ, ಇರುವುದು ಈ ಗೆರೆಗಳು ಮಾತ್ರ.

ಮಿಶ್ರ ನೆಲ ಬಂತೆಂದು ಖಾತ್ರಿಯಾದ ಕೂಡಲೇ ಅವನು ಸುತ್ತು ಇಳಿಸುತ್ತಾನೆ. ಮೂರಿದ್ದದ್ದು ಒಂದೂವರೆಗೆ ಬಂದರೆ ಡಿಕ್ಕಿಯ ವೇಗ ಅರ್ಧವಾಗುತ್ತದೆ, ಹೊಡೆತದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಒತ್ತಡವನ್ನೂ ತಗ್ಗಿಸುತ್ತಾನೆ. ಏಕೆಂದರೆ ಯಂತ್ರದ ಇಡೀ ಒತ್ತಡ ಈಗ ಕೆಳಗಿನ ಕಲ್ಲಿಗೆ ತಾಗಿದ ಕೆಲವೇ ಡಿಸ್ಕ್‌ಗಳ ಮೇಲೆ ಹಂಚಿಕೆಯಾಗುತ್ತಿರುತ್ತದೆ. ಒಟ್ಟು ಲೆಕ್ಕದಲ್ಲಿ ಮಿತಿಯೊಳಗಿದ್ದರೂ ಒಂಟಿ ಡಿಸ್ಕ್‌ನ ಲೆಕ್ಕದಲ್ಲಿ ಮಿತಿ ಮೀರಿರುತ್ತದೆ. ಮೇಲಿನ ಕಚೇರಿಯಲ್ಲಿ ಕೂತವರಿಗೆ ಈ ನಿಧಾನ ಸೋಮಾರಿತನದಂತೆ ಕಾಣುತ್ತದೆ. ‘ಇವತ್ತು ಎಷ್ಟು ರಿಂಗ್?’ ಎಂಬ ಸಂಜೆಯ ಫೋನು ಎಷ್ಟು ಡಿಸ್ಕ್‌ಗಳನ್ನು ತಿಂದಿದೆಯೋ!

ಸುತ್ತು ಇಳಿಸುವುದಕ್ಕೆ ಇನ್ನೊಂದು ಗಂಭೀರ ಕಾರಣವೂ ಇದೆ. ಕೆಳಗಿನ ಕಲ್ಲು ಬಗ್ಗದೆ ಯಂತ್ರ ಮುಂದೆ ಸಾಗದಿದ್ದರೂ ಕಟರ್‌ಹೆಡ್ ತಿರುಗುತ್ತಲೇ ಇದ್ದರೆ, ಮೇಲಿನ ಸಡಿಲ ಮಣ್ಣು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಒಳಗೆ ಬೀಳುತ್ತದೆ. ಕೊರೆದದ್ದು ಒಂದು ರಿಂಗ್‌ನಷ್ಟು, ಹೊರಬಂದ ಮಣ್ಣು ಒಂದೂವರೆ ರಿಂಗ್‌ನಷ್ಟು. ಆ ಅರ್ಧ ಎಲ್ಲಿಂದ ಬಂತೋ ಅಲ್ಲಿ ಪೊಳ್ಳು ಉಂಟಾಗಿ, ಅದು ಮೆಲ್ಲಗೆ ಮೇಲೇರಿ, ಕೆಲವೊಮ್ಮೆ ವಾರಗಳ ನಂತರ ರಸ್ತೆಯಲ್ಲಿ ಗುಂಡಿಯಾಗಿ ಬಾಯಿ ತೆರೆಯುತ್ತದೆ. ಹಾಗಾಗಿ ಹೊರಬರುವ ಮಣ್ಣನ್ನು ತೂಕ ಹಾಕಿ, ಅಳೆದು, ರಿಂಗ್ ರಿಂಗ್‌ಗೂ ತಾಳೆ ನೋಡುತ್ತಾರೆ.

ಜೇಡಿಮಣ್ಣಿನ ಕಥೆ ಬೇರೆ. ಅದು ಕಟರ್‌ಹೆಡ್‌ನ ಕಂಡಿಗಳನ್ನು ಮುಚ್ಚಿ, ಒಳಗಿನ ಕೋಣೆಯಲ್ಲಿ ಗಟ್ಟಿ ಮುದ್ದೆಯಾಗಿ ಕೂತು, ಘರ್ಷಣೆಯ ಬಿಸಿಗೆ ಇನ್ನಷ್ಟು ಬೇಯುತ್ತದೆ. ಆಗ ಯಂತ್ರದ ಶಕ್ತಿಯೆಲ್ಲ ಮಣ್ಣು ಕೊರೆಯುವ ಬದಲು ಅದನ್ನು ಸುಮ್ಮನೆ ಕಲಸುವುದಕ್ಕೇ ಹೋಗುತ್ತದೆ. ಮುಖದ ಮಣ್ಣಿನ ಒತ್ತಡವನ್ನು ಕೊರೆದ ಮಣ್ಣಿನಿಂದಲೇ ಸರಿದೂಗಿಸುವ ಮಾದರಿಯ ಯಂತ್ರಗಳಲ್ಲಿ ಇದಕ್ಕೆ ಮದ್ದು ನೊರೆ. ಸೋಪಿನಂಥ ರಾಸಾಯನಿಕವನ್ನು ನೀರು, ಗಾಳಿಯೊಂದಿಗೆ ಬೆರೆಸಿ ಕಟರ್‌ಹೆಡ್‌ನ ತೂತುಗಳಿಂದ ಚಿಮ್ಮಿಸುತ್ತಾರೆ. ನೊರೆ ಹದವಾಗಿ ಬೆರೆತರೆ ಟಾರ್ಕ್ ಎದ್ದು ಕಾಣುವಷ್ಟು ಇಳಿಯುತ್ತದೆ. ಹೆಚ್ಚಾದರೆ ಮಣ್ಣು ನೀರಾಗಿ ಮುಖದ ಒತ್ತಡವೇ ನಿಲ್ಲುವುದಿಲ್ಲ. ಬೆಂಟೊನೈಟ್ ಕೆಸರುನೀರಿನಿಂದ ಮುಖ ಹಿಡಿಯುವ ಮಾದರಿಯಲ್ಲಿ ಟಾರ್ಕ್ ಹುಟ್ಟಿನಿಂದಲೇ ಕಡಿಮೆ, ಆದರೆ ಆ ಕೆಸರನ್ನು ಸೋಸಿ ಮತ್ತೆ ಬಳಸಲು ಮೇಲೆ ಒಂದು ಪುಟ್ಟ ಕಾರ್ಖಾನೆಯೇ ಬೇಕು.

ಟಾರ್ಕ್‌ಗೆ ಪ್ರತಿಯಾಗಿ ಏನೋ ಒಂದು ಹಿಂದಕ್ಕೆ ತಿರುಗಲೇಬೇಕಲ್ಲ? ಕಟರ್‌ಹೆಡ್ ಬಲಕ್ಕೆ ತಿರುಗಿದರೆ ಯಂತ್ರದ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಅದನ್ನು ಹಿಡಿದಿಡುವುದು ಸುತ್ತಲಿನ ಮಣ್ಣಿಗೂ ಯಂತ್ರದ ಚರ್ಮಕ್ಕೂ ನಡುವಿನ ಘರ್ಷಣೆ. ಟಾರ್ಕ್ ಒಮ್ಮೆಲೇ ನೆಗೆದರೆ ಆ ಹಿಡಿತ ತಪ್ಪಿ ಇಡೀ ಯಂತ್ರ ಒಂದು ಮಗ್ಗುಲಿಗೆ ವಾಲುತ್ತದೆ. ಆಪರೇಟರ್ ಆಗ ಕಟರ್‌ಹೆಡ್ಡನ್ನು ಉಲ್ಟಾ ತಿರುಗಿಸಿ ಯಂತ್ರವನ್ನು ನೆಟ್ಟಗೆ ಮಾಡುತ್ತಾನೆ. ಸರಾಗವಾಗಿ ಸಾಗುವಾಗಲೂ ಆಗಾಗ ಬಲ, ಆಗಾಗ ಎಡ ಎಂದು ದಿಕ್ಕು ಬದಲಾಯಿಸುವುದು ಇದಕ್ಕೇ.

ಈ ಭಾರವನ್ನೆಲ್ಲ ಹೊರುವ ಮೋಟಾರುಗಳು ಒಂದಲ್ಲ, ಹಲವು. ಅವೆಲ್ಲ ಸೇರಿ ಚಿಕ್ಕ ಗೇರುಗಳ ಮೂಲಕ ಒಂದು ದೊಡ್ಡ ಹಲ್ಲಿನ ಉಂಗುರವನ್ನು ತಿರುಗಿಸುತ್ತವೆ. ಈಗಿನ ಯಂತ್ರಗಳಲ್ಲಿ ವಿದ್ಯುತ್ತಿನ ಆವರ್ತನ ಬದಲಿಸಿ ವೇಗ ಹೊಂದಿಸುವ ಡ್ರೈವ್ ಇರುವುದರಿಂದ ಕಡಿಮೆ ಸುತ್ತಿನಲ್ಲೂ ಪೂರ್ಣ ಟಾರ್ಕ್ ಸಿಗುತ್ತದೆ. ಸುತ್ತು ಒಂದು ಮಟ್ಟ ದಾಟಿದ ಮೇಲೆ ಟಾರ್ಕ್ ಇಳಿಯುತ್ತಾ ಹೋಗುತ್ತದೆ, ಏಕೆಂದರೆ ಮೋಟಾರಿನ ಶಕ್ತಿ ಅಷ್ಟೇ. ಸಿಕ್ಕಿಕೊಂಡ ಕಟರ್‌ಹೆಡ್ಡನ್ನು ಬಿಡಿಸಲು ಸ್ವಲ್ಪ ಹೊತ್ತು ಮಾಮೂಲಿಗಿಂತ ಹೆಚ್ಚು ಟಾರ್ಕ್ ಕೊಡುವ ಸೌಲಭ್ಯವೂ ಉಂಟು. ಅದು ತುರ್ತಿಗೆ ಇರುವುದು. ದಿನಚರಿಯಾದರೆ ಮುಖ್ಯ ಬೇರಿಂಗ್‌ಗೆ ಪೆಟ್ಟು.

ಆ ಬೇರಿಂಗ್ ಹೋದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸಿಯಾಟಲ್ ನಗರ ತೋರಿಸಿಕೊಟ್ಟಿತು. ಅಲ್ಲಿನ ಹೆದ್ದಾರಿ ಸುರಂಗಕ್ಕೆ ತಂದ ‘ಬರ್ತಾ’ ಯಂತ್ರದ ವ್ಯಾಸ 17.5 ಮೀಟರ್, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. 2013ರ ಡಿಸೆಂಬರ್‌ನಲ್ಲಿ, ಬರೀ 300 ಮೀಟರ್ ಚಿಲ್ಲರೆ ಕೊರೆದಷ್ಟರಲ್ಲಿ, ಅದು ನಿಂತುಹೋಯಿತು. ಅಂತರ್ಜಲ ಪರೀಕ್ಷೆಗೆ 2002ರಲ್ಲಿ ಇಳಿಸಿದ್ದ ಎಂಟು ಅಂಗುಲದ ಉಕ್ಕಿನ ಪೈಪು ದಾರಿಯಲ್ಲಿ ಸಿಕ್ಕಿತ್ತು. ಬೇರಿಂಗ್ ಬಿಸಿಯಾಗಿತ್ತು, ಸೀಲ್‌ಗಳು ಹಾಳಾಗಿ ಒಳಗೆ ಮರಳು ಸೇರಿತ್ತು. ಯಂತ್ರದ ಮುಂದೆ ಸುಮಾರು 36 ಮೀಟರ್ ಆಳದ ಬಾವಿ ತೋಡಿ, 2015ರ ಮಾರ್ಚ್‌ನಲ್ಲಿ ಸುಮಾರು 2,000 ಟನ್ ತೂಕದ ಮುಂಭಾಗವನ್ನು ಕ್ರೇನಿನಿಂದ ಮೇಲೆತ್ತಿ ರಿಪೇರಿ ಮಾಡಬೇಕಾಯಿತು. ಕೊರೆತ ಮತ್ತೆ ಶುರುವಾದದ್ದು ಎರಡು ವರ್ಷದ ಮೇಲೆ, ಯಂತ್ರ ಆಚೆ ಬಂದದ್ದು 2017ರ ಏಪ್ರಿಲ್ 4ರಂದು, ವಾಹನ ಓಡಿದ್ದು 2019ರ ಫೆಬ್ರುವರಿಯಲ್ಲಿ. ಕೆಟ್ಟದ್ದು ಪೈಪಿನಿಂದ ಎಂದರು ಗುತ್ತಿಗೆದಾರರು. ಯಂತ್ರವನ್ನು ನಡೆಸಿದ ರೀತಿಯಲ್ಲೇ ಐಬು ಎಂದಿತು ಸರ್ಕಾರ. 2019ರ ಡಿಸೆಂಬರ್‌ನಲ್ಲಿ ಜ್ಯೂರಿ ಸರ್ಕಾರದ ಪರ ನಿಂತು 5.72 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಬೆಂಗಳೂರಿನಲ್ಲಿ ಹಳೆಯ ಕೊಳವೆಬಾವಿಗಳೆಷ್ಟು, ಅವುಗಳಲ್ಲಿ ಎಷ್ಟರ ಕೇಸಿಂಗ್ ಪೈಪು ಹಾಗೇ ಉಳಿದಿದೆ ಎಂದು ಯೋಚಿಸಿದರೆ ಆ ಎಂಟು ಅಂಗುಲ ಅಷ್ಟು ದೂರದ ಸಂಗತಿ ಅನಿಸುವುದಿಲ್ಲ.

ಆಪರೇಟರ್‌ನ ಕೈಗುಣವನ್ನು ಕಂಪ್ಯೂಟರಿಗೆ ಕಲಿಸುವ ಪ್ರಯತ್ನವೂ ನಡೆದಿದೆ. ಮಲೇಷ್ಯಾದ ಎಂಎಂಸಿ ಗಮುಡಾ ಸಂಸ್ಥೆ ಕ್ವಾಲಾಲಂಪುರದ ಪುತ್ರಜಯ ಮೆಟ್ರೊ ಮಾರ್ಗದಲ್ಲಿ ಸುರಂಗ ಯಂತ್ರಗಳಿಗೆ ಸ್ವಯಂಚಾಲಿತ ನಿಯಂತ್ರಣ ಅಳವಡಿಸಿತು. ಒಂದೇ ಸಮನಾದ ನೆಲದಲ್ಲಿ ಕಂಪ್ಯೂಟರ್ ಬೇಸರವಿಲ್ಲದೆ ಸಣ್ಣ ಸಣ್ಣ ತಿದ್ದುಪಡಿ ಮಾಡುತ್ತಾ ಹೋಗುವುದು ನಿಜಕ್ಕೂ ಅನುಕೂಲ. ಗುಂಡುಗಲ್ಲು ಸಿಕ್ಕಿದಾಗ ಏನು ಮಾಡಬೇಕೆಂಬ ತೀರ್ಮಾನವನ್ನು ಸದ್ಯಕ್ಕೆ ಮನುಷ್ಯನ ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಂಗಳೂರು ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಒಂಬತ್ತು ಯಂತ್ರಗಳು ಸೇರಿ ಜೋಡಿ ಸುರಂಗದ ಸುಮಾರು 21 ಕಿಲೋಮೀಟರ್ ಕೊರೆದು, 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ‘ಭದ್ರಾ’ ಹೊರಬರುವುದರೊಂದಿಗೆ ಕೆಲಸ ಮುಗಿಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿಲೋಮೀಟರ್‌ನ ಸುರಂಗ ರಸ್ತೆಯ ಮಾತು ನಡೆದಿದೆ. ಅದು ಬೇಕೋ ಬೇಡವೋ ಎಂಬ ಜಗಳ ಬೇರೆ. ಟಾರ್ಕ್‌ನ ಲೆಕ್ಕ ಮಾತ್ರ ಆ ಜಗಳದಲ್ಲಿ ಯಾರ ಬಾಯಲ್ಲೂ ಬರುತ್ತಿಲ್ಲ. ಯಂತ್ರಕ್ಕೆ ಬೇಕಾಗುವ ಟಾರ್ಕ್ ಸ್ಥೂಲವಾಗಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಮೂರು ಲೇನ್‌ನ ರಸ್ತೆಗೆ ಬೇಕಾದ ಸುರಂಗ ಮೆಟ್ರೊದ್ದಕ್ಕಿಂತ ಎರಡು ಪಟ್ಟು ಅಗಲ ಎಂದಿಟ್ಟುಕೊಂಡರೆ ಟಾರ್ಕ್ ಎಂಟು ಪಟ್ಟು. ಅಂಚಿನ ಡಿಸ್ಕ್‌ಗಳ ವೇಗ ಮಿತಿಯಲ್ಲಿರಬೇಕಾದರೆ ಸುತ್ತು ಅರ್ಧಕ್ಕಿಳಿಯಬೇಕು. ಅಂದರೆ ಒಂದು ಸುತ್ತಿಗೆ ಅಷ್ಟೇ ಆಳ ಕೊರೆದರೂ ಮುನ್ನಡೆ ಅರ್ಧ. ಇದಕ್ಕಿಂತ ಮುಖ್ಯವಾದದ್ದು, ಆರೂವರೆ ಮೀಟರ್‌ನ ಮುಖ ಅದೃಷ್ಟ ಚೆನ್ನಾಗಿದ್ದರೆ ಪೂರ್ತಿ ಕಲ್ಲಿನೊಳಗೆ ತೂರಿಕೊಂಡು ಹೋಗಬಹುದು, ಹದಿಮೂರು ಮೀಟರ್‌ಗೂ ಮೀರಿದ ಮುಖ ಅಷ್ಟು ಆಳಕ್ಕೆ ಇಳಿಯದ ಹೊರತು ಹೆಚ್ಚಿನ ಕಡೆ ಕಲ್ಲು-ಮಣ್ಣು ಎರಡನ್ನೂ ಒಟ್ಟಿಗೆ ಕಚ್ಚಲೇಬೇಕು. ದಾರಿಯುದ್ದಕ್ಕೂ ಎಷ್ಟು ಮೀಟರ್‌ಗೆ ಒಂದರಂತೆ ನೆಲಕ್ಕೆ ತೂತು ಹಾಕಿ ಕಲ್ಲಿನ ಮಟ್ಟ ನೋಡಿದ್ದಾರೆ, ಹಳೆಯ ಕೊಳವೆಬಾವಿಗಳ ಪಟ್ಟಿ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಯೋಜನೆಯ ವೆಚ್ಚ ಕೇಳುವ ಮೊದಲೇ ಕೇಳಬೇಕಾದದ್ದು ಈ ಕಾರಣಕ್ಕೆ.